ಮೊದಲ ಸೌದೆ

ಕುರ್ಚಿ ಇನ್ನೂ ಅಲ್ಲೇ ಇತ್ತು. ಗುಡಾರದ ನೆಲದ ತುಂಬ ನಿನ್ನೆಯಷ್ಟೇ ಕಡಿದು ಹಾಸಿದ ಸ್ಪ್ರೂಸ್ ಮರದ ಟೊಂಗೆಗಳು. ಅವುಗಳ ಮೇಲೆ, ಬಾಗಿಲ ಪರದೆಗೆ ಒತ್ತಿಕೊಂಡಂತೆ, ಚರ್ಚಿನ ಸಭಾಂಗಣದಿಂದ ತಂದ ಮಡಚುವ ಕಬ್ಬಿಣದ ಕುರ್ಚಿ. ಅದರ ಒಂದು ಕಾಲು ಟೊಂಗೆಗಳ ಸಂದಿಯಲ್ಲಿ ಹೂತು ಸ್ವಲ್ಪ ವಾಲಿತ್ತು. ಜೆಮೈಮಾ ಬೆಂಕಿಯ ಪಕ್ಕ ಕೂತು, ದಾರಕ್ಕೆ ತೂಗುಬಿಟ್ಟ ಹೆಬ್ಬಾತನ್ನು ಬೆರಳ ತುದಿಯಿಂದ ತಿರುವುತ್ತಿದ್ದಳು. ದಾರ ಹುರಿಗೊಂಡು ಒಂದು ಕಡೆಗೆ ತಿರುಗಿ, ನಿಂತು, ಮತ್ತೆ ಬಿಚ್ಚಿಕೊಳ್ಳುತ್ತ ಇನ್ನೊಂದು ಕಡೆಗೆ ತಿರುಗುತ್ತಿತ್ತು. ಕೊಬ್ಬು ತೊಟ್ಟಿಕ್ಕಿ ಕೆಳಗಿನ ತಟ್ಟೆಯಲ್ಲಿ ಚಟಪಟ ಎನ್ನುತ್ತಿತ್ತು. ಚಿಕ್ಕಂದಿನಿಂದ ಕೈಗೆ ಹತ್ತಿದ ಕೆಲಸ, ಕಣ್ಣು ಬೇಕಿಲ್ಲ. ಹಾಗಾಗಿ ಕಣ್ಣು ಮತ್ತೆ ಮತ್ತೆ ಕುರ್ಚಿಯ ಕಡೆಗೇ ಹೋಗುತ್ತಿತ್ತು. ಮಗು ಮೊದಲ ಸಲ ಹೊರಗಿನ ನೆಲ ಮುಟ್ಟುವ ಹೊರನಡೆಯ ಗುಡಾರದಲ್ಲಿ ಇವತ್ತಿನವರೆಗೆ ಯಾರೂ ಕುರ್ಚಿಯ ಮೇಲೆ ಕೂತದ್ದಿಲ್ಲ. ಎರಡೂ ಮಂಡಿ ಬದಲಾಯಿಸಿಕೊಂಡ ಮುದುಕ ಜೊಸಾಯ್ಯ ಕೂಡ ಟೊಂಗೆಯ ಮೇಲೆ ಧೊಪ್ಪನೆ ಬೀಳುತ್ತಾನೆ, ಆಮೇಲೆ ಇಬ್ಬರು ಹಿಡಿದು ಎಬ್ಬಿಸುತ್ತಾರೆ, ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಇವತ್ತು ಬರಲಿರುವ ಬಿಷಪ್ಪರ ಮಂಡಿ ಮಾತ್ರ ಅಂಥ ಮಂಡಿಯಲ್ಲ. ನಿನ್ನೆ ಸಂಜೆ ರೋಡಾ ಆ ಕುರ್ಚಿಯನ್ನು ತಂದಿಟ್ಟವಳು ಕೋಟಿನ ತೋಳಿನಿಂದ ಒರೆಸಿದಳು. ಇಟ್ಟದ್ದನ್ನಾದರೂ ಸಹಿಸಬಹುದಿತ್ತು. ಅವಳು ಒರೆಸಿದ್ದು ಜೆಮೈಮಾಳನ್ನು ರಾತ್ರಿಯಿಡೀ ಮಲಗಗೊಡಲಿಲ್ಲ.

ರೋಡಾ ಅವಳ ತಂಗಿಯ ಮಗಳು. ಕೌನ್ಸಿಲ್ ಆಫೀಸಿನಲ್ಲಿ ಊರ ಆಚಾರ ವಿಚಾರಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ, ಅದಕ್ಕೊಂದು ಬಾಗಿಲು, ಬಾಗಿಲ ಮೇಲೊಂದು ಫಲಕ. ಆಚಾರಕ್ಕೆ ಆಫೀಸು ಬೇಕಾಗಿ ಬಂದಾಗಲೇ ಅದರ ಕತೆ ಮುಗಿಯಿತು ಎಂದು ಜೆಮೈಮಾ ಒಮ್ಮೆ ಅವಳ ಮುಖದ ಮೇಲೆಯೇ ಹೇಳಿದ್ದಳು. ಹುಡುಗಿ ಕೆಟ್ಟವಳಲ್ಲ. ಹುಡುಗಿಯೇನು, ಐವತ್ತು ದಾಟಿದ ಹೆಂಗಸು. ಆದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು ಎನ್ನುವ ರೋಗ ಅವಳಿಗೆ ಎಳವೆಯಿಂದಲೇ ಅಂಟಿದೆ. ನಿನ್ನೆ ಮಧ್ಯಾಹ್ನ ಜೆಮೈಮಾ ಹಿತ್ತಿಲಲ್ಲಿ ಹೆಬ್ಬಾತುಗಳ ಪುಕ್ಕ ಕೀಳುತ್ತಿದ್ದಾಗ ಬಂದು, ತಾನೂ ಒಂದನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡು ಹಿಡಿ ಕಿತ್ತು, ಆಮೇಲೆ ಬಾಯಿಬಿಟ್ಟಿದ್ದಳು.

"ದೊಡ್ಡಮ್ಮ, ನಾಳೆ ಬಿಷಪ್ ಬರ್ತಿದಾರಲ್ಲ, ಮಕ್ಕಳ ನೆನಪಿನ ದಿನಕ್ಕೆ. ಬೆಳಗ್ಗೆ ಮಗೂದು ಹೊರನಡೆ ಇದೆ ಅಂತ ಗೊತ್ತಾಗಿ ಅದನ್ನೂ ನೋಡ್ಬೇಕು ಅಂದ್ರು."

"ನೋಡ್ಲಿ. ಹೊರಗೆ ಜಾಗ ಬೇಕಾದಷ್ಟಿದೆ."

"ಒಳಗೆ. ಹಿರಿಯರ ಜೊತೆ."

ಜೆಮೈಮಾಳ ಕೈ ನಿಂತಿರಲಿಲ್ಲ. ಹಿಡಿ ಹಿಡಿಯಾಗಿ ಪುಕ್ಕ ಚೀಲಕ್ಕೆ ಬೀಳುತ್ತಲೇ ಇತ್ತು. "ಯಾರ ಮಗು ಅದು ರೋಡಾ? ನಿಮ್ಮ ಕೌನ್ಸಿಲ್ಲಿಂದಾ, ನನ್ನ ಮೊಮ್ಮಗಳು ಶೆಲ್ಬೀದಾ?"

"ಅದು ಹಾಗಲ್ಲ ದೊಡ್ಡಮ್ಮ. ಶಾಲೆ ಇದ್ದ ಜಾಗ ಈಗ್ಲೂ ಚರ್ಚಿಂದೇ. ಅಲ್ಲಿ ಮಕ್ಕಳನ್ನ ಹೂತ ಜಾಗ ಹುಡುಕೋಕೆ ನೆಲ ಪರೀಕ್ಷೆ ಮಾಡ್ಬೇಕು ಅಂದ್ರೆ ಅವರು ಹೂಂ ಅನ್ಬೇಕು. ಮೂರು ವರ್ಷದಿಂದ ನೋಡ್ತೀವಿ ನೋಡ್ತೀವಿ ಅಂತಿದಾರೆ. ಒಂದ್ಸಲ ಇಲ್ಲಿ ಬಂದು ನಮ್ಮ ಜೊತೆ ಕೂತು ಉಂಡರೆ ಮನಸ್ಸು ಕರಗುತ್ತೆ."

"ಕರಗೋದಕ್ಕೆ ಅದೇನು ಕೊಬ್ಬಾ?"

"ಮಾತಿಗೆ ಮಾತು ಬೇಡ ದೊಡ್ಡಮ್ಮ. ಸೈಲಸ್ ಮಾವನಿಗೋಸ್ಕರನೇ ಅಲ್ವಾ ಇದೆಲ್ಲ?"

ಜೆಮೈಮಾಳ ತಮ್ಮ ಸೈಲಸನ ಹೆಸರನ್ನು ಅವಳು ಹಾಗೆ, ಜೇಬಿನಿಂದ ಕೀಲಿಕೈ ತೆಗೆದ ಹಾಗೆ ತೆಗೆದಳು. ಅವಳು ಹುಟ್ಟುವ ಮೊದಲೇ ಹೋದವನು ಅವನು, ಮಾವನಾಗುವಷ್ಟು ಬದುಕಿದವನೂ ಅಲ್ಲ. ಏಳು ವರ್ಷದ ಮಾವ. ಜೆಮೈಮಾಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು, ಮರುಕ್ಷಣ ಈ ಹೆಸರನ್ನು ಇನ್ನೂ ಬಾಯಲ್ಲಿಟ್ಟುಕೊಂಡಿರುವವರು ತಾವಿಬ್ಬರೇ ಎನ್ನುವುದೂ ನೆನಪಾಯಿತು. ಸಿಟ್ಟು ಹೋಗಲು ದಾರಿ ಕಾಣದೆ ನಾಲಗೆಯ ತುದಿಗೆ ಬಂತು. "ಸರಿ, ಬರ್ಲಿ. ಬಾಗಿಲ ಹತ್ರ ಕೂರಿಸು. ಒದ್ದೆ ಬೂಟು ಬಿಡ್ತಾರಲ್ಲ, ನಾಯಿ ಮಲಗುತ್ತಲ್ಲ, ಅಲ್ಲಿ. ಅದಕ್ಕಿಂತ ಒಂದು ಗೇಣು ಒಳಗೆ ಬಂದ್ರೆ ನಾನು ಮಗೂನ ಎತ್ಕೊಂಡು ಕಾಡಿಗೆ ಹೋಗ್ತೀನಿ." ಬಾಗಿಲ ಬಳಿ ಯಾರೂ ಕೂರುವುದಿಲ್ಲ, ಅದು ಅವಮಾನದ ಜಾಗ ಎಂದು ಈ ಜೇಮ್ಸ್ ಕೊಲ್ಲಿಯ ಮೂಲನಿವಾಸಿ ಕ್ರೀ ಮಕ್ಕಳಿಗೆಲ್ಲ ಗೊತ್ತು, ಬಿಷಪ್ಪರಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯಲ್ಲೇ ಅವಳಿಗೆ ಒಂದು ಕಹಿ ಸುಖವಿತ್ತು. ರೋಡಾ ಮುಖ ಅರಳಿಸಿ ಎದ್ದು ಹೋದಳು. ಸಂಜೆ ಕುರ್ಚಿ ಬಂತು. ಅವಮಾನಕ್ಕೂ ಇವಳು ಕುರ್ಚಿ ಹಾಕಿ ಮರ್ಯಾದೆ ಮಾಡಿಬಿಟ್ಟಳಲ್ಲ ಎಂದು ಜೆಮೈಮಾ ಹಲ್ಲು ಕಡಿದಳು.

ಅವಳ ಹಟ ಬರಿಯ ಕೂರುವ ಜಾಗದ್ದಾಗಿರಲಿಲ್ಲ. ಹೊರನಡೆಯ ದಿನದವರೆಗೆ ಮಗುವಿನ ಪಾದ ಹೊರಗಿನ ನೆಲ ಮುಟ್ಟಬಾರದು. ಮನೆಯೊಳಗೆ ಎಷ್ಟು ಬೇಕಾದರೂ ಓಡಲಿ, ಹೊರಗೆ ಬಂದರೆ ಯಾರದಾದರೂ ಸೊಂಟದ ಮೇಲೆಯೇ. ಆ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಗುಡಾರದ ಪರದೆ ಸರಿಸಿ ಮಗುವನ್ನು ಮೊದಲ ಸಲ ನೆಲಕ್ಕೆ ಬಿಡುತ್ತಾರೆ. ಟೊಂಗೆ ಹಾಸಿದ ದಾರಿಯಲ್ಲಿ ಅದು ನಡೆದು ಹೋಗಿ, ನೆಟ್ಟ ಮರವನ್ನು ಸುತ್ತಿ, ಗಂಡಾದರೆ ಒಂದು ಹೆಬ್ಬಾತು, ಹೆಣ್ಣಾದರೆ ಒಂದು ಹಿಡಿ ಸೌದೆ ಹೊತ್ತು ಒಳಗೆ ಮರಳಿ ಬರುತ್ತದೆ. ಒಳಗೆ ಹಿರಿಯರು ಕಾದಿರುತ್ತಾರೆ. ಮಗು ತನ್ನ ಮೊದಲ ಸೌದೆಯನ್ನು ಯಾರ ಕೈಗೆ ಕೊಡುತ್ತದೋ ಅವರು ಅವತ್ತೇ ಅದರಿಂದ ಒಲೆ ಹೊತ್ತಿಸಿ ಆ ಮನೆಯ ಮಕ್ಕಳಿಗೆಲ್ಲ ಉಣ್ಣಲಿಕ್ಕೆ ಹಾಕಬೇಕು. ಇಸಕೊಂಡವರು ಮತ್ತೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಜೆಮೈಮಾ ಇದನ್ನೆಲ್ಲ ಯಾರಿಂದಲೂ ಕೇಳಿ ತಿಳಿದವಳಲ್ಲ. ಸೈಲಸನ ಹೊರನಡೆ ಅವಳ ಕಣ್ಣಿಗೆ ಕಟ್ಟಿದಂತಿದೆ. ತನಗಿಂತ ದೊಡ್ಡ ಹೆಬ್ಬಾತನ್ನು ಕತ್ತು ಹಿಡಿದು ಎಳೆದುಕೊಂಡು ಬಂದವನು ದಾರಿಯಲ್ಲಿ ಮಗುಚಿಬಿದ್ದ. ಎಲ್ಲರೂ ಹೋ ಎಂದು ನಕ್ಕರು. ಅವನು ಅಳಲಿಲ್ಲ, ಹಕ್ಕಿಯನ್ನೇ ಬೈದ. ಮಾತು ಬಾರದ ಮಗು ಅದೇನೋ ಗರಗರ ಸದ್ದು ಮಾಡಿ, ಸತ್ತ ಹಕ್ಕಿಯ ತಲೆಗೆ ಒಂದು ಹೊಡೆದು, ಮತ್ತೆ ಎಳೆಯಲು ಶುರುಮಾಡಿದ. ಅಜ್ಜ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದ. ಅವನು ಒಳಗೆ ಬಂದ, ಅಷ್ಟು ಸ್ಪಷ್ಟವಾಗಿದೆ. ಹೊರಗೆ ಹೋದವನು ಒಳಗೆ ಬಂದ.

"ಅಜ್ಜಿ, ಇವಳನ್ನ ಒಂಚೂರು ಹಿಡ್ಕೋ." ಪರದೆ ಸರಿಸಿ ಮೊಮ್ಮಗಳು ಶೆಲ್ಬಿ ಬಂದಿದ್ದಳು. ಜೊತೆಗೆ ಗಾಳಿ, ನದಿಯ ವಾಸನೆ, ಆಚೆ ಯಾರೋ ಜನರೇಟರ್ ಎಳೆಯುತ್ತಿರುವ ಸದ್ದು. ಸೊಂಟದ ಮೇಲಿದ್ದ ಮಗು ವಾಪಿಕುನ್ ಆಗಲೇ ಕೆಳಗಿಳಿಯಲು ಒದ್ದಾಡುತ್ತಿತ್ತು. ಕಸೂತಿ ಹಾಕಿದ ಬಿಳಿ ಟೊಪ್ಪಿ, ಮೂಸ್ ಜಿಂಕೆಯ ತೊಗಲಿನ ಪುಟ್ಟ ಪಾದರಕ್ಷೆ, ಸೊಂಟಕ್ಕೆ ಮರದ ಕೊಡಲಿ. ಆ ಪಾದರಕ್ಷೆಯನ್ನು ಚಳಿಗಾಲವಿಡೀ ಕೂತು ಹೊಲಿದದ್ದು ಜೆಮೈಮಾ; ಅದರ ಅಡಿ ಇನ್ನೂ ಬೆಣ್ಣೆಯ ಬಣ್ಣಕ್ಕಿತ್ತು, ಒಂದು ಕಲೆ ಇಲ್ಲ. ಶೆಲ್ಬಿ ಅದೆಲ್ಲದರ ಮೇಲೆ ಮಗುವಿಗೆ ಒಂದು ಕಿತ್ತಳೆ ಬಣ್ಣದ ಅಂಗಿ ತೊಡಿಸಿದ್ದಳು. ಇವತ್ತು ಎಲ್ಲರ ಮೈಮೇಲೂ ಅದೇ. ಮನೆಗಳಿಂದ ಕಿತ್ತು ಸೇರಿಸಿದ ಚರ್ಚಿನ ಶಾಲೆಗಳಿಂದ ಮರಳದ ಮಕ್ಕಳಿಗಾಗಿ ಸರ್ಕಾರವೇ ರಜೆ ಕೊಟ್ಟ ದಿನ, ಅಂಗಡಿಯಲ್ಲೂ ಕಿತ್ತಳೆ, ಬ್ಯಾಂಕಿನಲ್ಲೂ ಕಿತ್ತಳೆ, ಮಕ್ಕಳನ್ನು ಹಿಡಿದು ವಿಮಾನ ಹತ್ತಿಸಿದ ಪೊಲೀಸರ ಮೊಮ್ಮಕ್ಕಳ ಎದೆಯ ಮೇಲೂ ಕಿತ್ತಳೆ.

"ಇದನ್ಯಾಕೆ ಹಾಕಿದೆ? ಕಸೂತಿ ಕಾಣಲ್ಲ."

"ರೋಡಾ ಆಂಟಿ ಕೊಟ್ರು. ಫೋಟೋಗೆ ಚೆನ್ನಾಗಿರುತ್ತಂತೆ. ನಿಂಗೂ ಒಂದಿದೆ."

"ನಂಗೆ ಬೇಡ. ನಾನು ಯಾರನ್ನ ನೆನೆಸ್ಕೋಬೇಕು ಅಂತ ಅಂಗಿ ಹೇಳೋದು ಬೇಡ."

"ಅಜ್ಜಿ, ಪ್ಲೀಸ್. ಇವತ್ತೊಂದಿನ ಜಗಳ ಬೇಡ. ಇದು ಇವಳ ದಿನ." ಶೆಲ್ಬಿಯ ಕಣ್ಣುಗಳು ನಿದ್ದೆಯಿಲ್ಲದೆ ಊದಿಕೊಂಡಿದ್ದವು. "ಇವಳು ಹೋಗ್ಬೇಕು, ವಾಪಸ್ ಬರ್ಬೇಕು, ನಿನ್ನ ಕೈಗೆ ಕೊಡ್ಬೇಕು. ನಂಗೆ ಅಷ್ಟೇ ಬೇಕು. ಇನ್ನು ಯಾರು ಬಂದ್ರೂ ಬಿಟ್ರೂ ನಂಗೇನು."

ಜೆಮೈಮಾ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಅದು ಅವಳ ಗಲ್ಲದ ಮಚ್ಚೆಯನ್ನು ಹಿಡಿದು ಕೀಳಲು ನೋಡಿತು. ದಿನವೂ ಮಾಡುವ ಕೆಲಸ. ಇವಳ ದಿನ ಎನ್ನುವುದು ನಿಜ. ತನ್ನ ಸಿಟ್ಟನ್ನು ಈ ಮಗುವಿನ ದಿನದೊಳಗೆ ತಂದು ಸುರಿಯುತ್ತಿದ್ದೇನೆಯೆ ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೂ ಸಿಟ್ಟು ಬಂತು. ತಂದದ್ದು ನಾನೇನು? ನಾನು ಹೆಬ್ಬಾತು ಸುಡುತ್ತ ಕೂತವಳು. ತೊಡೆಯ ಮೇಲಿನ ಮೈ ಬಿಸಿಯಾಗಿತ್ತು, ಮೊಲೆಹಾಲು ಮತ್ತು ಹೊಗೆಯ ವಾಸನೆ ಬರುತ್ತಿತ್ತು. ಸೈಲಸನ ಮೈಯಲ್ಲೂ ಇದೇ ವಾಸನೆ. ಶಾಲೆಯಲ್ಲಿ ಮೊದಲ ರಾತ್ರಿ ಅವರಿಬ್ಬರನ್ನೂ ಬೇರೆ ಮಾಡಿ, ತಲೆಗೆ ಸೀಮೆಎಣ್ಣೆ ಸುರಿದು, ಕೂದಲು ಬೋಳಿಸಿದ ಮೇಲೆ ಆ ವಾಸನೆ ಹೋಯಿತು. ಹುಡುಗರ ಕಡೆ, ಹುಡುಗಿಯರ ಕಡೆ, ನಡುವೆ ಊಟದ ಕೋಣೆ. ಅಣ್ಣತಂಗಿ ಅಕ್ಕತಮ್ಮ ಎಲ್ಲ ಬಂದ್. ಅವನು ದೂರದ ಬೆಂಚಿನ ಕೊನೆಯಲ್ಲಿ ಗಂಜಿಯ ತಟ್ಟೆಯ ಹಿಂದೆ ಕೂರುತ್ತಿದ್ದ, ಕಿವಿ ಎರಡೂ ಕಡೆಗೆ ಚಾಚಿಕೊಂಡು, ಬೋಳಿಸಿದ ಮೇಲೆ ಕಿವಿಯೇ ಹೆಚ್ಚು. ಅವಳು ಮೇಜಿನ ಅಂಚಿನಲ್ಲಿ ಒಂದು ಬೆರಳು ಎತ್ತುತ್ತಿದ್ದಳು. ಅವನೂ ಎತ್ತುತ್ತಿದ್ದ. ಅಷ್ಟೇ ಮಾತುಕತೆ. ಒಂದು ದಿನ ಅವನು ಆಸೆ ತಡೆಯದೆ ಇಡೀ ಕೈ ಎತ್ತಿ ಬೀಸಿದ. ಅವನಿಗೆ ಬಿದ್ದ ಪೆಟ್ಟಿನ ಸದ್ದು ಊಟದ ಕೋಣೆಯಲ್ಲೆಲ್ಲ ಕೇಳಿತು, ಚಮಚಗಳು ನಿಲ್ಲಲಿಲ್ಲ. ಚಳಿಗಾಲದಲ್ಲಿ ಅವನು ಕೆಮ್ಮುತ್ತಿದ್ದ. ಆಮೇಲೆ ಬೆಂಚಿನ ಕೊನೆಯಲ್ಲಿ ಇನ್ನೊಬ್ಬ ಹುಡುಗ ಕೂತಿದ್ದ. ಅವಳು ಕೇಳಿದಳು. ಕೇಳಿದ್ದು ಕ್ರೀ ಭಾಷೆಯಲ್ಲಿ, ಅದಕ್ಕೆ ಮೊದಲು ಸಾಬೂನು. ಬಾಯಿ ತೊಳೆಸಿದ ಮೇಲೆ ಅವರ ಭಾಷೆಯಲ್ಲಿ ಕೇಳಿದಳು. ಮನೆಗೆ ಹೋದ ಎಂದರು.

ಬೇಸಿಗೆಗೆ ನೀರಿನ ಮೇಲಿಳಿಯುವ ವಿಮಾನ ಅವಳನ್ನು ಊರಿಗೆ ತಂದಿತು. ದಂಡೆಯಲ್ಲಿ ಅಮ್ಮ. ಅವಳು ಇಳಿದಳು, ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು, ಕೈ ಅಲ್ಲಿದ್ದಂತೆಯೇ ಕಣ್ಣು ಅವಳನ್ನು ದಾಟಿ ವಿಮಾನದ ಬಾಗಿಲಿಗೆ ಹೋಯಿತು. ಅಮ್ಮ ನಗುತ್ತಲೇ ಇದ್ದಳು. ಅವನು ಒಳಗೆ ಬಚ್ಚಿಟ್ಟುಕೊಂಡಿದ್ದಾನೆ, ಆಟ ಆಡಿಸುತ್ತಿದ್ದಾನೆ ಎಂದುಕೊಂಡಿರಬೇಕು. ಚಾಲಕ ಹಿಟ್ಟಿನ ಚೀಲ ಇಳಿಸಿದ, ಬಾಗಿಲು ಹಾಕಿದ, ವಿಮಾನ ಹೊರಟಿತು. ಅಮ್ಮ ಆಮೇಲೂ ನಿಂತಿದ್ದಳು, ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದು ಮರೆತವಳ ಹಾಗೆ. ಅವನು ಮನೆಗೆ ಬಂದ ಅಂದ್ರಲ್ಲಮ್ಮ ಎಂದು ಜೆಮೈಮಾ ಹೇಳಬೇಕಾಗಿ ಬಂತು. ಒಂಬತ್ತು ವರ್ಷದ ಹುಡುಗಿ, ಆ ಸುದ್ದಿ ಹೇಳುವ ಕೆಲಸ ಅವಳಿಗೆ ಬಿಟ್ಟರು. ಅವರಿಗೆ ಬಾಯಿರಲಿಲ್ಲ, ಪೆನ್ನಿರಲಿಲ್ಲ, ಒಬ್ಬ ಪಾದ್ರಿ ಇರಲಿಲ್ಲ. ಬೇರೆಲ್ಲವನ್ನು ಕ್ಷಮಿಸಿಬಿಡಬಹುದೇನೋ, ಇದೊಂದು ಗಂಟಲಲ್ಲಿ ಇಳಿಯುವುದಿಲ್ಲ.

"ಸ್ವಲ್ಪ ಆಚೆ ತಿರುಗ್ತೀರಾ ಅಮ್ಮ? ಬೆಳಕು." ಮಗುವನ್ನು ಶೆಲ್ಬಿ ಯಾವಾಗ ಎತ್ತಿಕೊಂಡು ಹೋದಳೋ, ಎದುರಿಗೆ ಪಟ್ಟಣದಿಂದ ಬಂದ ಕ್ಯಾಮೆರಾದವನು ಮಂಡಿಯೂರಿ ಕೂತಿದ್ದ. ಗುಡಾರ ತುಂಬತೊಡಗಿತ್ತು. ಮುದುಕಿಯರು, ಮುದುಕರು, ಬೆಚ್ಚನೆಯ ಜಾಕೆಟ್ಟುಗಳು, ಚಹದ ಲೋಟಗಳು, ಬ್ಯಾನಕ್ ರೊಟ್ಟಿಯ ಬುಟ್ಟಿ. ಕ್ಯಾಮೆರಾದವನು ಹೆಬ್ಬಾತನ್ನು ಇನ್ನೊಮ್ಮೆ ತಿರುವಿ ಎಂದ. ಅವಳು ತಿರುವಲಿಲ್ಲ. ಹಕ್ಕಿ ತಾನಾಗಿಯೇ ತಿರುಗಿತು, ಅವನು ಥ್ಯಾಂಕ್ಸ್ ಹೇಳಿದ. ಅಷ್ಟರಲ್ಲಿ ಪರದೆ ಸರಿದು ರೋಡಾ, ಅವಳ ಹಿಂದೆ ತಲೆ ತಗ್ಗಿಸಿಕೊಂಡು ಬಿಷಪ್ಪರು. ಎತ್ತರದ ಮನುಷ್ಯ, ಚಳಿಗೆ ಕೆಂಪಾದ ಮೂಗು, ನೇರಳೆ ಅಂಗಿಯ ಮೇಲೆ ಕಿತ್ತಳೆ ಸ್ಕಾರ್ಫು, ಎದೆಯ ಮೇಲೆ ತೂಗುವ ಬೆಳ್ಳಿಯ ದೊಡ್ಡ ಶಿಲುಬೆ. "ವಾಚಿಯೆ," ಎಂದರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬಂದ ನಮಸ್ಕಾರ. ಒಂದು ತಪ್ಪೂ ಇರಲಿಲ್ಲ, ಅದೇ ಅವಳಿಗೆ ಚುಚ್ಚಿತು. ಕಟುಕನ ಮುಖ ಇರಬೇಕಿತ್ತು. ಈ ಮುಖ ನೋಡಿದರೆ ಹಾಲು ಚೆಲ್ಲಿದ ಮಗುವಿಗೂ ಗದರದ ಮುಖ. ಇವರು ಆಗ ಹುಟ್ಟಿರಲಿಲ್ಲ. ಇವರ ಮೇಲೆ ಸಿಟ್ಟು ಎಸೆದರೆ ಮೆತ್ತೆಯ ಮೇಲೆ ಎಸೆದ ಹಾಗೆ, ಸದ್ದೂ ಬರುವುದಿಲ್ಲ.

ಬಿಷಪ್ಪರು ಕುರ್ಚಿಯಲ್ಲಿ ಕೂತರು. ಕುರ್ಚಿ ವಾಲಿತು, ಅವರು ಕಾಲು ಊರಿ ಸಾವರಿಸಿಕೊಂಡರು. ಪಕ್ಕದಲ್ಲಿ ಜೊತೆಗಿರಲೆಂದು ರೋಡಾ ಜೊಸಾಯ್ಯನನ್ನು ಕೂರಿಸಿದಳು. ಅವನು ಜೆಮೈಮಾಳ ಸೋದರತ್ತೆಯ ಮಗ, ಅವಳ ಜೊತೆಯಲ್ಲೇ ಅದೇ ಶಾಲೆಯಲ್ಲಿದ್ದವನು, ಆದರೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಧೊಪ್ಪನೆ ಬಿದ್ದು, ನಗಿಸಿ, ಅಲ್ಲಿಂದಲೇ ಕೂಗಿದ.

"ಏನೇ ಜೆಮೈಮಾ, ಮುಖ ಯಾಕೆ ಸುಟ್ಟ ಬ್ಯಾನಕ್ ಥರ ಇದೆ?"

"ನಿನ್ನ ಪಕ್ಕದವರ ಪರಿಮಳ ಇಲ್ಲೀವರೆಗೂ ಬರ್ತಿದೆ, ಅದಕ್ಕೆ."

"ಸುಮ್ನಿರೇ. ಪಾಪ ಆತ ಏನು ಮಾಡ್ದ? ಆಗ ಆತನಪ್ಪನೂ ಚಡ್ಡಿ ಹಾಕ್ತಿದ್ದ. ನಾನು ಅವರ ಕೈಲೇ ಏಟು ತಿಂದೋನು, ನಾನೇ ಬಿಟ್ಟಿಲ್ವ?"

"ನೀನು ವಾಪಸ್ ಬಂದೆ, ಬಿಡ್ತೀಯ."

ಏನು ಹೇಳಿದರೆಂದು ಬಿಷಪ್ಪರು ರೋಡಾಳ ಕಡೆ ನೋಡಿದರು. ಹಳೆಯ ನೆಂಟರು, ತಮಾಷೆ ಮಾಡಿಕೊಳ್ಳುತ್ತಿದ್ದಾರೆ ಎಂದು ರೋಡಾ ಅವರ ಭಾಷೆಯಲ್ಲಿ ಹೇಳಿದ್ದು ಜೆಮೈಮಾಗೆ ಚೆನ್ನಾಗಿಯೇ ಕೇಳಿಸಿತು. ಚರ್ಚಿನವರೆದುರು ಅವಳು ಆ ಭಾಷೆ ಬಾರದವಳಂತೆ ಇರುತ್ತಾಳೆ. ಸಾಬೂನಿನ ಜೊತೆ ಬಾಯಿಗೆ ತುರುಕಿದ ಭಾಷೆ, ಅದನ್ನು ಅವರಿಗೆ ಮರಳಿಸುವ ದರ್ದು ಅವಳಿಗಿಲ್ಲ. ಬಿಷಪ್ಪರು ಅವಳ ಕಡೆ ಬಾಗಿ, ಇಲ್ಲಿಗೆ ಕರೆದದ್ದು ತಮ್ಮ ಭಾಗ್ಯ, ಇದೊಂದು ಗಾಯ ಮಾಯುವ ದಿನ ಎಂದರು. ರೋಡಾ ಅದನ್ನು ಕ್ರೀಗೆ ತಿರುಗಿಸಿದಳು. "ಯಾರ ಗಾಯ ಅಂತ ಕೇಳು," ಎಂದಳು ಜೆಮೈಮಾ. ದೊಡ್ಡಮ್ಮನಿಗೂ ತುಂಬ ಸಂತೋಷವಂತೆ ಎಂದಳು ರೋಡಾ.

ಹೊರಗೆ ಡೋಲು ಶುರುವಾಯಿತು. ಶೆಲ್ಬಿ ಮಗುವನ್ನು ಕರೆತಂದು ಒಳಗಡೆ ಬಾಗಿಲಿಗೆ ಎದುರಾಗಿ ನಿಲ್ಲಿಸಿದಳು, ಕಿತ್ತಳೆ ಅಂಗಿಯನ್ನು ಬಿಚ್ಚಿದ್ದಳು, ಕಸೂತಿ ಕಾಣುತ್ತಿತ್ತು. ಪರದೆಯನ್ನು ಮೇಲಕ್ಕೆ ಕಟ್ಟಿದರು. ಬೆಳಕು ಒಳಕ್ಕೆ ನುಗ್ಗಿತು. ತಾಯಿಯ ಬೆರಳು ಹಿಡಿದು ವಾಪಿಕುನ್ ಹೊಸಿಲಿನಂಥ ಟೊಂಗೆಯನ್ನು ದಾಟಿದಳು. ಹೊರಗಿನ ನೆಲ ಮೊದಲ ಸಲ ಕಾಲಿಗೆ ತಾಗಿದಾಗ ಅವಳು ನಿಂತು, ಬಗ್ಗಿ ತನ್ನ ಪಾದವನ್ನೇ ನೋಡಿದಳು. ಮುದುಕಿಯರು ಆಹಾ ಎಂದರು. ಆಮೇಲೆ ಅವಳು ಬೆರಳು ಕೊಡವಿಕೊಂಡು ಒಬ್ಬಳೇ ಹೊರಟಳು. ಜೆಮೈಮಾಳ ಕಣ್ಣು ಒದ್ದೆಯಾಯಿತು, ಎಲ್ಲ ಮರೆತುಹೋಯಿತು, ಆ ಬೆನ್ನು, ಆ ಕೊಡಲಿ, ಅಡ್ಡಾದಿಡ್ಡಿ ಹೋಗುವ ಆ ಬಿಳಿ ಟೊಪ್ಪಿ. ಬರುತ್ತಾಳೆ, ಮರ ಸುತ್ತಿ ಬರುತ್ತಾಳೆ, ನೇರ ನನ್ನ ಹತ್ತಿರಕ್ಕೇ ಬರುತ್ತಾಳೆ. ಎಲ್ಲ ಹೊರನಡೆಯಲ್ಲೂ ಮಗು ನೇರ ಒಳಕ್ಕೇ ಬರುತ್ತದೆ, ಯಾಕೆಂದರೆ ಬಾಗಿಲಿನಿಂದ ಒಳತುದಿಯವರೆಗೆ ನಡುವೆ ಯಾರೂ ಇರುವುದಿಲ್ಲ. ಅಲ್ಲಿಗೆ ಬಂದು ಅವಳ ಯೋಚನೆ ತಟಕ್ಕನೆ ನಿಂತಿತು. ಬಾಗಿಲ ಬಳಿ ಯಾರೂ ಕೂರುವುದಿಲ್ಲ. ಅವಮಾನದ ಜಾಗವೆಂದು ಮಾತ್ರವಲ್ಲ, ಮಗು ಮೊದಲು ಕಾಣುವುದು ಅಲ್ಲಿದ್ದವರನ್ನೇ ಎಂದು. ಬೂಟಿನ ಮಾತು, ನಾಯಿಯ ಮಾತು ಆಮೇಲೆ ಸೇರಿಕೊಂಡದ್ದು. ಸೇಡಿನ ಭರದಲ್ಲಿ ಅವಳೇ, ತನ್ನ ಬಾಯಿಯಿಂದಲೇ, ಅವರನ್ನು ಮಗುವಿನ ದಾರಿಯಲ್ಲಿ ಕೂರಿಸಿದ್ದಳು.

"ಜೊಸಾಯ್ಯ," ಎಂದಳು. ದನಿ ಏಳಲಿಲ್ಲ. ಡೋಲಿನ ಸದ್ದು. "ಜೊಸಾಯ್ಯ, ಅವರನ್ನ ಎಬ್ಬಿಸು ಅಲ್ಲಿಂದ." ಅವನು ಕಿವಿಗೆ ಕೈಯಿಟ್ಟು ಏನು ಎಂದ. ಅವಳು ಏಳಲು ನೋಡಿದಳು, ಕಾಲು ಜೋಮು ಹಿಡಿದಿತ್ತು, ಅಂಗೈ ಟೊಂಗೆಯ ಮೇಲೆ ಜಾರಿತು. ಅಷ್ಟರಲ್ಲಿ ಬಾಗಿಲಲ್ಲಿ ವಾಪಿಕುನ್ ನಿಂತಿದ್ದಳು. ಹೊರಗಿನ ಬೆಳಕಿನಿಂದ ಬಂದವಳಿಗೆ ಒಳಗೆ ಕತ್ತಲೆ, ಕಣ್ಣು ಪಿಳಿಪಿಳಿ. ಕೈಯಲ್ಲಿ ದಾರ ಸುತ್ತಿದ ಒಂದು ಹಿಡಿ ಸೌದೆ. "ವಾಪಿಕುನ್, ಇಲ್ಲಿ, ಇಲ್ಲಿ ನೋಡು!" ಎಂದು ಜೆಮೈಮಾ ಕೈ ಚಾಚಿದಳು. ಮಗು ದನಿ ಬಂದ ಕಡೆ ತಿರುಗಿತು, ಒಂದು ಹೆಜ್ಜೆ ಇಟ್ಟಿತು ಕೂಡ. ಪಕ್ಕದಲ್ಲಿ ಏನೋ ಮಿಂಚಿತು. ಬೆಳ್ಳಿಯ ಶಿಲುಬೆ ಬಿಸಿಲು ಹಿಡಿದು ತೂಗುತ್ತಿತ್ತು. ಮಗು ಬಾಯಿ ತೆರೆದು ನಕ್ಕು, ಅದನ್ನು ಹಿಡಿಯಲು ಎರಡು ಕೈಯೂ ಬೇಕಾಗಿ, ಕೈಯಲ್ಲಿದ್ದ ಸೌದೆಯನ್ನು ಬಿಷಪ್ಪರ ಅಂಗೈಗೆ ಒತ್ತಿತು.

ಕ್ಯಾಮೆರಾದವನು ಉಸಿರು ಬಿಗಿಹಿಡಿದ. ಹೊರಗೆ ನಿಂತು ಇಣುಕುತ್ತಿದ್ದ ಪಟ್ಟಣದವರು ಚಪ್ಪಾಳೆ ತಟ್ಟಿದರು. ಒಳಗೆ ಯಾರೂ ತಟ್ಟಲಿಲ್ಲ. ಬಿಷಪ್ಪರು ಸೌದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅವರ ಕಣ್ಣಲ್ಲಿ ನೀರು ಕೆನ್ನೆಗಿಳಿಯಿತು, ನಿಜವಾದ ನೀರು. ಶೆಲ್ಬಿ ಬಾಗಿಲಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದಳು. ಜೆಮೈಮಾಗೆ ಎದ್ದದ್ದು ಹೇಗೆಂದು ಗೊತ್ತಾಗಲಿಲ್ಲ. ಬೆಂಕಿಯನ್ನು ಬಳಸಿಕೊಂಡು, ಯಾರದೋ ಚಹ ಚೆಲ್ಲಿ, ಬಾಗಿಲವರೆಗೆ ಬಂದಳು. ಕಸಿದುಕೊಳ್ಳಬೇಕು, ಅವರ ಕೈಯಿಂದ ಕಿತ್ತು ಬೆಂಕಿಗೆ ಹಾಕಬೇಕು, ಅಷ್ಟೇ ತಲೆಯಲ್ಲಿತ್ತು. ಕೈ ಮುಂದೆ ಹೋಯಿತು. ಮಗು ಶಿಲುಬೆಯನ್ನು ಬಿಟ್ಟು ಮೇಲೆ ನೋಡಿತು, ಅವಳ ಮುಖ ಕಂಡು ತುಟಿ ನಡುಗಿಸಿತು, ಅಳಲು ಸಿದ್ಧವಾಯಿತು. ಶಾಲೆಯ ಊಟದ ಕೋಣೆಯಲ್ಲಿ ಹೀಗೆಯೇ ಮೇಲ್ವಿಚಾರಕಿಯೊಬ್ಬಳು ಮೇಲಿಂದ ಬಂದು ನಿಲ್ಲುತ್ತಿದ್ದಳು, ಹೀಗೆಯೇ ಕೈ ಮುಂದೆ ಮಾಡಿ. ಜೆಮೈಮಾ ಕೈಯನ್ನು ಕೆಳಗಿಳಿಸಿ ಮಗುವನ್ನು ಎತ್ತಿಕೊಂಡಳು. ಅದು ಅವಳ ಕತ್ತಿಗೆ ಮುಖ ಒತ್ತಿತು. ಪಾದರಕ್ಷೆಯ ಅಡಿ ಅವಳ ಸೊಂಟಕ್ಕೆ ತಾಗಿ ಮಣ್ಣು ಮೆತ್ತಿತು.

"ಈ ಮಗು ಎಂಥ ದೊಡ್ಡ ಮನಸ್ಸು ಮಾಡಿದೆ," ಎಂದರು ಬಿಷಪ್ಪರು, ಮೂಗೊರೆಸಿಕೊಳ್ಳುತ್ತ. "ಇದಕ್ಕೆ ನಾನು ಯೋಗ್ಯನಲ್ಲ."

ರೋಡಾ ಕ್ರೀಯಲ್ಲಿ ಶುರುಮಾಡಿದಳು. "ನೀನು ಬಾಯಿ ಮುಚ್ಚು ರೋಡಾ," ಎಂದು ಜೆಮೈಮಾ ಅವರ ಭಾಷೆಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು. ಬಿಷಪ್ಪರ ಮುಖದಲ್ಲಿ ಬೆರಗು ಕಾಣಿಸಿತು. ಆ ಭಾಷೆ ಅವಳ ಬಾಯಲ್ಲಿ ಶಾಲೆಯ ಉಚ್ಚಾರದಲ್ಲೇ, ಒಂದೊಂದು ಅಕ್ಷರವೂ ತಿದ್ದಿ ಬಡಿದಂತೆ ಬಂತು.

"ಯೋಗ್ಯತೆ ವಿಷ್ಯ ಬಿಡಿ. ನಿಮ್ಮ ಕೈಲಿರೋದು ಏನು ಗೊತ್ತಾ?"

"ಇದು... ಸ್ನೇಹದ ಕಾಣಿಕೆ."

"ಸೌದೆ ಅದು. ಒಲೆಗೆ ಹಾಕೋ ಸೌದೆ. ಮಗು ಯಾರಿಗೆ ಕೊಡುತ್ತೋ ಅವರು ಅದರಲ್ಲಿ ಬೆಂಕಿ ಹೊತ್ತಿಸಿ ಈ ಮನೆ ಮಕ್ಕಳಿಗೆ ಊಟ ಹಾಕ್ಬೇಕು. ನಂಗೆ ಕೊಡ್ಲಿ ಅಂತ ಕಾದಿದ್ದೆ. ನಿಮಗೆ ಕೊಡ್ತು. ಕೊಟ್ಟಿದ್ದನ್ನ ನಾನು ಕಿತ್ಕೊಳ್ಳೋ ಹಾಗಿಲ್ಲ."

"ಖಂಡಿತ. ನಾವು ಸಂತೋಷದಿಂದ, ಚರ್ಚಿನ ವತಿಯಿಂದ, ಎಲ್ಲ ಮಕ್ಕಳಿಗೂ..."

"ಇಲ್ಲಿರೋ ಮಕ್ಕಳಿಗೆ ನಾನು ಹಾಕ್ತೀನಿ. ಹೆಬ್ಬಾತು ಬೆಂದಿದೆ. ಈ ಮನೇಲಿ ಇನ್ನೊಂದು ಮಗು ಇದೆ. ಸೈಲಸ್ ಅಂತ. ನಿಮ್ಮ ಶಾಲೆಯಿಂದ ಮನೆಗೆ ಹೋದ ಅಂದ್ರು, ಮನೆಗೆ ಬಂದಿಲ್ಲ. ಅವತ್ತಿಂದ ಅವನಿಗೆ ಯಾರೂ ಊಟ ಹಾಕಿಲ್ಲ. ಅವನಿರೋ ಜಾಗದಲ್ಲಿ ಈ ಸೌದೆ ಹೊತ್ತಿಸಿ."

ಬಿಷಪ್ಪರು ತುಟಿ ಒದ್ದೆ ಮಾಡಿಕೊಂಡರು. "ಅಮ್ಮ, ಅದು ಎಲ್ಲಿ ಅಂತ... ನಮಗೆ ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನಂಗೂ ಗೊತ್ತು. ನೆಲ ನಿಮ್ಮದು, ಬೇಲಿ ನಿಮ್ಮದು. ಅಗೆದು ನೋಡೋದಕ್ಕೆ ನಮ್ಮನ್ನ ಒಳಗೆ ಬಿಡ್ತಾ ಇಲ್ಲ. ಗೊತ್ತು ಮಾಡ್ಕೊಳ್ಳಿ. ಗೊತ್ತಾಗೋ ತನಕ ಅದನ್ನ ಕೆಳಗೆ ಇಡ್ಬೇಡಿ."

"ನಾನು ಅವನಿಗಾಗಿ ಪ್ರಾರ್ಥನೆ..."

"ಪ್ರಾರ್ಥನೆ ಅವನು ಬೇಕಾದಷ್ಟು ಮಾಡಿದ್ದ. ಊಟಕ್ಕೆ ಮುಂಚೆ, ಊಟ ಆದ್ಮೇಲೆ."

ಜೆಮೈಮಾಳ ಸಿಟ್ಟು ಇಳಿದಿರಲಿಲ್ಲ, ಇಳಿಯಲೆಂದು ಅವಳು ಮಾತಾಡಿಯೂ ಇರಲಿಲ್ಲ. ಮಗುವನ್ನು ಶೆಲ್ಬಿಯ ಕೈಗೆ ಕೊಡಲು ಹೋದರೆ ಶೆಲ್ಬಿ ತಲೆಯಾಡಿಸಿ, ಅಳುತ್ತ, ಇರಲಿ ನಿನ್ನ ಹತ್ತಿರವೇ ಇರಲಿ ಎಂದಳು. ಜೆಮೈಮಾ ಮರಳಿ ಬೆಂಕಿಯ ಪಕ್ಕ ಬಂದು ಕೂತು, ಹೆಬ್ಬಾತಿನ ತೊಡೆ ಮುರಿದು, ಬಿಸಿ ಆರಲೆಂದು ಊದಿ, ಒಂದು ಚೂರು ವಾಪಿಕುನ್‌ಳ ಬಾಯಿಗಿಟ್ಟಳು. ತಟ್ಟೆಗಳು ಕೈಯಿಂದ ಕೈಗೆ ಸಾಗಿದವು. ಒಂದು ತಟ್ಟೆ ಬಿಷಪ್ಪರವರೆಗೂ ಹೋಯಿತು, ಯಾರೋ ಅದನ್ನು ಅವರ ತೊಡೆಯ ಮೇಲಿಟ್ಟರು. ಮಾಂಸ, ರೊಟ್ಟಿ, ತಿನ್ನಲು ಎರಡು ಕೈಯೂ ಬೇಕು. ಅವರು ಸೌದೆಯನ್ನು ಎದೆಗೆ ಹಿಡಿದು ಸುತ್ತ ನೋಡಿದರು. ನೆಲ ನೋಡಿದರು, ಕುರ್ಚಿಯ ಕೆಳಗೆ ನೋಡಿದರು, ರೋಡಾಳನ್ನು ನೋಡಿದರು. ರೋಡಾ ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ಅವರು ನಾಚಿಕೆಯಿಂದ ನಕ್ಕು, ಒಂದು ಗಳಿಗೆ ಹಿಡಿದುಕೊಳ್ಳಿ ಎನ್ನುವಂತೆ ಸೌದೆಯನ್ನು ಪಕ್ಕದ ಜೊಸಾಯ್ಯನ ಕಡೆ ಚಾಚಿದರು.

ಜೊಸಾಯ್ಯ ಅದನ್ನು ನೋಡಿದ. ಬಿಷಪ್ಪರ ಮುಖವನ್ನೂ ನೋಡಿದ. ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ಅಗಿದು ನುಂಗಿ, ತಟ್ಟೆಯನ್ನು ಟೊಂಗೆಯ ಮೇಲಿಟ್ಟು, ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ಇಳಿಸಿ ಕೂತ.